ನೂರು ಮಿಲಿಲೀಟರಿನ ನೆಪ

ವಿಮಾನವೇರುವವರ ಕೈಚೀಲದಲ್ಲಿ ಎಷ್ಟು ಶಾಂಪೂ ಇರಬೇಕು, ಹಲ್ಲುಜ್ಜುವ ಪೇಸ್ಟಿನ ಟ್ಯೂಬು ಎಷ್ಟು ದೊಡ್ಡದಿರಬೇಕು ಎಂಬುದು ಬೆಟ್ಟದ ಮಗ್ಗುಲಿನ ಹಳ್ಳಿಗಳವರು ಚರ್ಚಿಸಬೇಕಾದ ಸಂಗತಿಯೇ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಅಡಿಕೆಗೆ ರೋಗ, ಗದ್ದೆಗೆ ಆನೆ, ಹೊಳೆಗೆ ಅಣೆಕಟ್ಟು ಎಂದು ನೂರೆಂಟು ಸಂಕಟಗಳಿರುವಾಗ ಆಕಾಶದಲ್ಲಿ ಹಾರುವವರ ಸಾಬೂನಿನ ಗೊಡವೆ ನಮಗೇಕೆ ಎಂದು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ವಿಮಾನವೆಂದರೆ ತಲೆಯ ಮೇಲೆ ಹಾದುಹೋಗುವ ಸದ್ದು ಮಾತ್ರ ಎಂಬ ಕಾಲ ಮಲೆನಾಡಿಗೂ ಮುಗಿದಿದೆ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಅಲ್ಲಿ ಬಂದಿಳಿಯಿತು. ಮಗಳ ಬಾಣಂತನಕ್ಕೆಂದು ಸಮುದ್ರ ದಾಟುವ ತಾಯಂದಿರು, ಓದಿಗಾಗಿ ಹೊರಡುವ ಮಕ್ಕಳು, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರು ನಮ್ಮ ಊರುಗಳಲ್ಲೇ ಇದ್ದಾರೆ. ಅವರ ಕೈಚೀಲ ನಮ್ಮದೇ ಕೈಚೀಲ. ಅವರು ಅಲ್ಲಿಂದ ಹೊತ್ತು ತರುವ ಅಭ್ಯಾಸಗಳೂ ಕೊನೆಗೆ ನಮ್ಮದೇ ಆಗುತ್ತವೆ.

ಈ ಲೇಖನದ ವಾದ ಇಷ್ಟೇ. ಪ್ರಯಾಣಿಕರ ಪ್ರಾಣರಕ್ಷಣೆಗೆಂದು ಹುಟ್ಟಿದ ಒಂದು ನಿಯಮವನ್ನು ವ್ಯಾಪಾರವು ತನ್ನ ನೆಪವನ್ನಾಗಿ ಮಾಡಿಕೊಂಡಿದೆ. ನಿಯಮ ಕೇಳುವುದು ಪಾತ್ರೆ ಚಿಕ್ಕದಿರಲಿ ಎಂದು. ಮಾರುಕಟ್ಟೆ ಅದನ್ನು ‘ಚಿಕ್ಕದನ್ನು ಹೊಸದಾಗಿ ಕೊಂಡು, ಬಳಸಿ, ಬಿಸಾಡಿ’ ಎಂದು ಅನುವಾದಿಸಿ ನಮ್ಮ ಕಿವಿಗೆ ಊದಿದೆ. ಮೊದಲನೆಯದನ್ನು ಗೌರವಿಸಬೇಕು. ಎರಡನೆಯದನ್ನು ಗುರುತಿಸಿ ತಿರಸ್ಕರಿಸಬೇಕು.

ನಿಯಮ ಹುಟ್ಟಿದ ಬಗೆ

ದ್ರವದ ಭಯ ಕಟ್ಟುಕಥೆಯಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. 1987ರ ನವೆಂಬರ್ 29ರಂದು ಬಾಗ್ದಾದಿನಿಂದ ಹೊರಟು ಸೋಲ್ ನಗರದತ್ತ ಸಾಗುತ್ತಿದ್ದ ಕೊರಿಯನ್ ಏರ್ ವಿಮಾನವೊಂದು ಅಂಡಮಾನ್ ಸಮುದ್ರದ ಮೇಲೆ ಸ್ಫೋಟಗೊಂಡು 115 ಮಂದಿ ಸತ್ತರು. ರೇಡಿಯೋದೊಳಗಿನ ಬಾಂಬಿನ ಜೊತೆಗೆ ಮದ್ಯದ ಬಾಟಲಿಯಲ್ಲಿ ದ್ರವರೂಪದ ಸ್ಫೋಟಕವನ್ನು ಅದರಲ್ಲಿ ಇರಿಸಲಾಗಿತ್ತು. 1994ರ ಡಿಸೆಂಬರ್ 11ರಂದು ಫಿಲಿಪ್ಪೀನ್ಸಿನಿಂದ ಟೋಕಿಯೋಗೆ ಹೊರಟಿದ್ದ ವಿಮಾನದಲ್ಲಿ ಕಣ್ಣಿನ ಲೆನ್ಸ್ ತೊಳೆಯುವ ದ್ರವದ ಬಾಟಲಿಯಲ್ಲಿ ಸ್ಫೋಟಕವನ್ನು ಸಾಗಿಸಿ ಸಿಡಿಸಲಾಯಿತು. ಒಬ್ಬ ಜಪಾನೀ ಪ್ರಯಾಣಿಕ ಅಸುನೀಗಿದ. ಮುಂದೆ 2006ರ ಆಗಸ್ಟ್ 10ರಂದು, ಲಂಡನ್ನಿನಿಂದ ಅಮೆರಿಕ ಮತ್ತು ಕೆನಡಾಗಳಿಗೆ ಹೊರಡುವ ಹಲವು ವಿಮಾನಗಳನ್ನು ಒಟ್ಟಿಗೆ ಉರುಳಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಬಯಲಿಗೆಳೆದರು. ತಂಪು ಪಾನೀಯದ ಬಾಟಲಿಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡಿನ ಮಿಶ್ರಣವನ್ನು ತುಂಬಿಸಿ ಒಯ್ಯುವುದು ಸಂಚಿನ ತಿರುಳಾಗಿತ್ತು. 2009ರ ಸೆಪ್ಟೆಂಬರಿನಲ್ಲಿ ಮೂವರು ಅಪರಾಧಿಗಳೆಂದು ತೀರ್ಮಾನವಾಯಿತು.

ಆ ಆಗಸ್ಟಿನ ಬೆಳಿಗ್ಗೆ ಬ್ರಿಟನ್ನಿನ ನಿಲ್ದಾಣಗಳಲ್ಲಿ ಕೈಚೀಲವೆಂಬುದನ್ನೇ ನಿಷೇಧಿಸಲಾಯಿತು. ಪಾಸ್‌ಪೋರ್ಟು, ಹಣದ ಚೀಲ, ತೀರಾ ಅಗತ್ಯದ ಔಷಧ ಇವಿಷ್ಟನ್ನು ಮಾತ್ರ ಪಾರದರ್ಶಕ ಚೀಲದಲ್ಲಿ ಒಯ್ಯಬಹುದಿತ್ತು. ಕೂಸಿನ ಹಾಲನ್ನು ಹೆತ್ತವರೇ ಕುಡಿದು ತೋರಿಸಬೇಕಾಯಿತು. ಕೆಲವು ವಾರಗಳ ಬಳಿಕ ಬಿಗಿ ಸಡಿಲಿತು. ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕವೂ ನವೆಂಬರ್ 6ರಂದು ಐರೋಪ್ಯ ಒಕ್ಕೂಟವೂ ಈಗ ಜಗತ್ತಿಗೆಲ್ಲ ಪರಿಚಿತವಾದ ಸೂತ್ರವನ್ನು ಜಾರಿಗೆ ತಂದವು: ಸುಮಾರು 100 ಮಿಲಿಲೀಟರಿಗೆ ಮೀರದ ಪಾತ್ರೆಗಳು, ಅವೆಲ್ಲವೂ ಸುಮಾರು ಒಂದು ಲೀಟರಿನ ಒಂದೇ ಪಾರದರ್ಶಕ ಚೀಲದೊಳಗೆ, ಒಬ್ಬರಿಗೆ ಒಂದೇ ಚೀಲ. 2007ರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಶಿಫಾರಸಿನೊಂದಿಗೆ ಅದು ಭಾರತವೂ ಸೇರಿದಂತೆ ಬಹುಪಾಲು ದೇಶಗಳಿಗೆ ಹಬ್ಬಿತು. ನಮ್ಮಲ್ಲಿ ದೇಶದೊಳಗಿನ ಹಾರಾಟಗಳಿಗಿಂತ ಹೊರದೇಶದ ಹಾರಾಟಗಳಿಗೆ ಇದು ಹೆಚ್ಚು ಕಟ್ಟುನಿಟ್ಟು.

ಕಾರಣ ಸರಳ. ಹಳೆಯ ಎಕ್ಸ್-ರೇ ಯಂತ್ರ ಚಪ್ಪಟೆ ಚಿತ್ರವನ್ನು ಮಾತ್ರ ತೋರಿಸುತ್ತದೆ. ಬಾಟಲಿಯಲ್ಲಿರುವುದು ನೀರೋ ಸ್ಫೋಟಕವೋ ಎಂದು ಅದು ಖಚಿತವಾಗಿ ಹೇಳಲಾರದು. ಗುರುತಿಸಲಾಗದ ವಸ್ತುವಿನ ಪ್ರಮಾಣವನ್ನಾದರೂ ಕಡಿಮೆ ಮಾಡೋಣ ಎಂಬುದೇ ನಿಯಮದ ತರ್ಕ. ಅಂದರೆ ಇದು ಯಂತ್ರದ ದೌರ್ಬಲ್ಯವನ್ನು ಮುಚ್ಚಲು ಹಾಕಿದ ತೇಪೆ. ತೇಪೆಯೆಂದು ಅದನ್ನು ಹಾಕಿದವರಿಗೂ ಗೊತ್ತಿತ್ತು. 2013ರ ಏಪ್ರಿಲ್ ವೇಳೆಗೆ ನಿರ್ಬಂಧವನ್ನು ತೆಗೆದುಹಾಕುವುದೆಂದು ಐರೋಪ್ಯ ಒಕ್ಕೂಟ ದಿನಾಂಕವನ್ನೇ ಗೊತ್ತುಪಡಿಸಿತ್ತು. ಆ ದಿನ ಬಂತು, ಹೋಯಿತು, ನಿರ್ಬಂಧ ಉಳಿಯಿತು. ವಸ್ತುವಿನ ಸಾಂದ್ರತೆಯನ್ನು ಮೂರು ಆಯಾಮಗಳಲ್ಲಿ ಅಳೆಯುವ ಸಿ.ಟಿ. ಯಂತ್ರಗಳು ಬಂದ ಮೇಲೂ ಹಾದಿ ನೇರವಾಗಲಿಲ್ಲ. 2023ರ ಏಪ್ರಿಲಿನಲ್ಲಿ ಲಂಡನ್ ಸಿಟಿ ನಿಲ್ದಾಣ ನಿಯಮವನ್ನು ಕೈಬಿಟ್ಟಿತು. 2024ರ ಜೂನಿನಲ್ಲಿ ಬ್ರಿಟಿಷ್ ಸರ್ಕಾರ ಅಂಥ ನಿಲ್ದಾಣಗಳ ಮೇಲೆ 100 ಮಿಲಿಲೀಟರಿನ ಮಿತಿಯನ್ನು ಮತ್ತೆ ಹೇರಿತು. ಅದೇ ವರ್ಷದ ಸೆಪ್ಟೆಂಬರ್ 1ರಿಂದ ಐರೋಪ್ಯ ಒಕ್ಕೂಟವೂ ಹಾಗೆಯೇ ಮಾಡಿತು. 2025ರ ಜುಲೈಯಲ್ಲಿ ಎಡಿನ್‌ಬರೋ ನಿಲ್ದಾಣ ಎರಡು ಲೀಟರಿನವರೆಗಿನ ಪಾತ್ರೆಗಳಿಗೆ ಬಾಗಿಲು ತೆರೆಯಿತು. 2026ರ ಜನವರಿಯಲ್ಲಿ, ಈ ಕಥೆ ಆರಂಭವಾದ ಹೀಥ್ರೋ ನಿಲ್ದಾಣವೂ ತೆರೆಯಿತು. ಒಂದೇ ಪ್ರಯಾಣದಲ್ಲಿ ಹೋಗುವಾಗ ಸಲ್ಲುವ ಬಾಟಲಿ ಬರುವಾಗ ಸಲ್ಲದಿರಬಹುದು. ಹೀಗಾಗಿ ಸಾಮಾನ್ಯ ಪ್ರಯಾಣಿಕನು ಇನ್ನೂ ಹಲವು ವರ್ಷ ನೂರು ಮಿಲಿಲೀಟರಿನ ಲೆಕ್ಕದಲ್ಲೇ ಚೀಲ ಕಟ್ಟಬೇಕಾಗುತ್ತದೆ.

ನಿಯಮದ ನೆರಳಿನಲ್ಲಿ ಅಂಗಡಿ

ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ಅಲ್ಲಿ ಅಳೆಯುವುದು ಪಾತ್ರೆಯನ್ನು, ಅದರೊಳಗಿನ ವಸ್ತುವನ್ನಲ್ಲ. ಇನ್ನೂರು ಮಿಲಿಲೀಟರಿನ ಬಾಟಲಿಯ ತಳದಲ್ಲಿ ನಾಲ್ಕು ಚಮಚ ಎಣ್ಣೆಯಿದ್ದರೂ ಅದು ಕಸದ ತೊಟ್ಟಿಗೆ. ಮುಕ್ಕಾಲು ಮುಗಿದ ದೊಡ್ಡ ಪೇಸ್ಟಿನ ಟ್ಯೂಬಿಗೂ ಅದೇ ಗತಿ. ‘ದ್ರವ’ ಎಂಬ ಮಾತಿನ ವ್ಯಾಪ್ತಿಯೂ ದೊಡ್ಡದು: ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಜೆಲ್, ಪೇಸ್ಟು, ಸಿಂಪಡಿಸುವ ಸುಗಂಧ ಮಾತ್ರವಲ್ಲ, ತುಪ್ಪ, ಜೇನು, ಜೋನಿಬೆಲ್ಲ, ಅಪ್ಪೆಮಿಡಿಯ ರಸ ಎಲ್ಲವೂ ಅದರೊಳಗೆ ಬರುತ್ತವೆ. ಔಷಧ ಮತ್ತು ಕೂಸಿನ ಆಹಾರಕ್ಕೆ ಮಾತ್ರ ವಿನಾಯಿತಿ.

ಈ ಸೂಕ್ಷ್ಮವನ್ನು ಪ್ರಯಾಣಿಕನಿಗೆ ತಿಳಿಸಿಹೇಳುವವರು ಕಡಿಮೆ. ಅದರಿಂದ ಲಾಭ ಮಾಡಿಕೊಳ್ಳುವವರು ಹೆಚ್ಚು. ‘ಪ್ರಯಾಣದ ಪ್ಯಾಕು’ ಎಂಬ ಹೆಸರಿನಲ್ಲಿ ಬೆರಳುದ್ದದ ಶಾಂಪೂ, ಗೋಲಿಯಷ್ಟು ಕ್ರೀಮು, ಪುಟ್ಟ ಪೇಸ್ಟು, ಪುಟ್ಟ ಬ್ರಶ್ಶು, ಇವೆಲ್ಲಕ್ಕೂ ಜಿಪ್ಪು ಹಾಕಿದ ಪ್ಲಾಸ್ಟಿಕ್ ಚೀಲ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ಒಳಗಿನ ಸರಕಿಗೆ ದೊಡ್ಡ ಬಾಟಲಿಯ ದರಕ್ಕಿಂತ ಹೆಚ್ಚು ಬೆಲೆ. ಹೊರಗಿನ ಪ್ಲಾಸ್ಟಿಕ್ಕಿಗೆ ಒಂದು ವಾರದ ಆಯುಷ್ಯ. ಮನೆಯಲ್ಲಿ ಖಾಲಿಯಾದ ಐವತ್ತು ಮಿಲಿಲೀಟರಿನ ಔಷಧದ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಬೇಕಾದಷ್ಟು ಎಣ್ಣೆ ತುಂಬಿಸಿಕೊಂಡರೆ ನಿಯಮಕ್ಕೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ವ್ಯಾಪಾರಕ್ಕೆ.

ಇನ್ನೊಂದು ವಿಪರ್ಯಾಸವನ್ನು ಗಮನಿಸಿ. ಕಾಡಿನಂಚಿನ ಮನೆಯಲ್ಲಿ ಪೆಟ್ಟಿಗೆಯಿಂದ ತೆಗೆದ ಕಾಲು ಲೀಟರ್ ಜೇನು ತಪಾಸಣೆಯ ಬಾಗಿಲಲ್ಲೇ ನಿಲ್ಲುತ್ತದೆ. ಅದೇ ಬಾಗಿಲಿನ ಒಳಗಿರುವ ಸುಂಕರಹಿತ ಮಳಿಗೆಯಲ್ಲಿ ಕೊಂಡ ಒಂದು ಲೀಟರ್ ವಿಸ್ಕಿ ಮೊಹರು ಹಾಕಿದ ಚೀಲದಲ್ಲಿ ಗೌರವದಿಂದ ವಿಮಾನವೇರುತ್ತದೆ. ಒಳಗಿನ ಮಳಿಗೆಗೆ ಬರುವ ಸರಕನ್ನು ಮೊದಲೇ ಪರೀಕ್ಷಿಸಿರುತ್ತಾರೆ ಎಂಬ ವಿವರಣೆ ಇದೆ, ಅದು ಸುಳ್ಳೂ ಅಲ್ಲ. ಆದರೆ ಫಲಿತಾಂಶವನ್ನು ನೋಡಿ: ಮನೆಯ ವಸ್ತು ಅನುಮಾನಕ್ಕೆ ಗುರಿಯಾಗುತ್ತದೆ, ಮಳಿಗೆಯ ವಸ್ತು ಅನುಮಾನದಿಂದ ಮುಕ್ತವಾಗುತ್ತದೆ. ಇಪ್ಪತ್ತು ವರ್ಷ ಹೀಗೆಯೇ ನಡೆದರೆ, ಮನೆಯಲ್ಲಿ ಮಾಡಿದ್ದು ಅಪಾಯ, ಮೊಹರು ಹಾಕಿ ಮಾರಿದ್ದು ಸುರಕ್ಷಿತ ಎಂಬ ಭಾವನೆ ಜನರ ಮನಸ್ಸಿನಲ್ಲಿ ಬೇರೂರದೆ ಇದ್ದೀತೆ?

ನೀರನ್ನು ಚೆಲ್ಲಿ ನೀರನ್ನು ಕೊಳ್ಳುವುದು

ಎಲ್ಲಕ್ಕಿಂತ ನೋವಿನ ದೃಶ್ಯ ನೀರಿನದು. ತಪಾಸಣೆಯ ಸಾಲಿನಲ್ಲಿ ನಿಂತವರು ತಮ್ಮ ಬಾಟಲಿಗಳನ್ನು, ಒಳಗಿನ ನೀರಿನ ಸಮೇತ, ತೊಟ್ಟಿಗೆ ಎಸೆಯುತ್ತಾರೆ. ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಬಾಟಲಿಯನ್ನು, ಊರಿನ ಅಂಗಡಿಯಲ್ಲಿ ಕೇಳಿದರೆ ನಗು ಬರುವಂಥ ಬೆಲೆ ತೆತ್ತು ಕೊಳ್ಳುತ್ತಾರೆ. ಬೇಸಿಗೆಯಲ್ಲಿ ಎರಡು ಕೊಡ ನೀರಿಗಾಗಿ ಗುಡ್ಡ ಇಳಿದು ಹತ್ತುವ ಹೆಂಗಸರು ಈ ದೃಶ್ಯವನ್ನು ಕಂಡರೆ ಏನೆಂದಾರು?

ನಿಯಮ ಇಲ್ಲಿಯೂ ಇಷ್ಟು ದಡ್ಡತನವನ್ನು ಕೇಳುವುದಿಲ್ಲ. ಖಾಲಿ ಬಾಟಲಿಗೆ ಯಾವ ನಿಷೇಧವೂ ಇಲ್ಲ. ನೀರನ್ನು ಕುಡಿದು ಮುಗಿಸಿ, ಖಾಲಿ ಸ್ಟೀಲು ಬಾಟಲಿಯನ್ನು ಒಳಗೆ ಒಯ್ದು, ಅಲ್ಲಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು. ನಮ್ಮ ದೇಶದ ದೊಡ್ಡ ನಿಲ್ದಾಣಗಳಲ್ಲಿ ತಪಾಸಣೆಯ ಆಚೆಗೂ ಕುಡಿಯುವ ನೀರಿನ ವ್ಯವಸ್ಥೆ ಇದೆ. ಆದರೆ ನೀರು ಮಾರುವ ಅಂಗಡಿ ಕಣ್ಣಿಗೆ ಹೊಡೆಯುವಂತಿರುತ್ತದೆ, ನೀರು ಕೊಡುವ ನಲ್ಲಿಯನ್ನು ಹುಡುಕಬೇಕಾಗುತ್ತದೆ. ಮನಸ್ಸಿದ್ದರೆ ಮಾರ್ಗವುಂಟು ಎಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣವೇ ಸಾಕ್ಷಿ: 2019ರ ಆಗಸ್ಟಿನಿಂದ ಅಲ್ಲಿ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಕುಡಿಯುವ ನೀರನ್ನು ಮಾರುವುದನ್ನೇ ನಿಲ್ಲಿಸಲಾಯಿತು. ಪ್ರಯಾಣಿಕರು ಬಾಯಾರಿ ಬಳಲಲಿಲ್ಲ, ವಿಮಾನಗಳೂ ನಿಲ್ಲಲಿಲ್ಲ.

ಗೂಡಂಗಡಿಯ ಸ್ಯಾಷೆ, ಆಕಾಶದ ಕಿರುಬಾಟಲಿ

ವಿಮಾನದ ಕಿರುಬಾಟಲಿಗೂ ನಮ್ಮೂರಿನ ಗೂಡಂಗಡಿಯಲ್ಲಿ ತೋರಣದಂತೆ ತೂಗುವ ಶಾಂಪೂ ಸ್ಯಾಷೆಗೂ ಇರುವ ನೆಂಟಸ್ತಿಕೆಯನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು. 1970ರ ದಶಕದಲ್ಲಿ ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಎಂಬವರು ಶ್ರೀಮಂತರ ವಸ್ತು ಕೂಲಿಕಾರರಿಗೂ ದಕ್ಕಬೇಕೆಂಬ ಆಸೆಯಿಂದ ಚಿಕ್ಕ ಪೊಟ್ಟಣಗಳಲ್ಲಿ ಸರಕು ತುಂಬುವುದನ್ನು ರೂಢಿಗೆ ತಂದರು. ಮುಂದೆ ಅವರ ಮಕ್ಕಳ ಕಾಲದಲ್ಲಿ ಶಾಂಪೂ ಸ್ಯಾಷೆ ಮನೆಮಾತಾಯಿತು. ಆಸೆ ಒಳ್ಳೆಯದೇ ಇತ್ತು. ಆದರೆ ಬಹುರಾಷ್ಟ್ರೀಯ ಕಂಪೆನಿಗಳು ಆ ಉಪಾಯವನ್ನು ಎತ್ತಿಕೊಂಡ ಮೇಲೆ ಅದು ಎಲ್ಲಿಗೆ ಮುಟ್ಟಿತೆಂಬುದಕ್ಕೆ ನಮ್ಮ ಹಳ್ಳ, ಕೆರೆ, ತೋಟದ ಬಸಿಗಾಲುವೆಗಳೇ ಉತ್ತರ ಹೇಳುತ್ತವೆ. ಹಲವು ಪದರಗಳನ್ನು ಅಂಟಿಸಿ ಮಾಡಿದ ಆ ಪೊಟ್ಟಣವನ್ನು ಚಿಂದಿ ಆಯುವವರೂ ಮುಟ್ಟುವುದಿಲ್ಲ. ಮರುಬಳಕೆಗೆ ಅದು ಬಾರದು, ತೂಕಕ್ಕೂ ಸಿಗದು.

ಒಂದೇ ಸರಕು, ಎರಡು ಸುಳ್ಳು. ಹಳ್ಳಿಯ ಬಡವನಿಗೆ ‘ಇದು ಅಗ್ಗ’ ಎಂದು ಹೇಳಿ ಚಿಕ್ಕ ಪೊಟ್ಟಣವನ್ನು ಮಾರಿದರು. ವಿಮಾನವೇರುವವನಿಗೆ ‘ಇದು ಭದ್ರತೆ’ ಎಂದು ಹೇಳಿ ಚಿಕ್ಕ ಬಾಟಲಿಯನ್ನು ಮಾರಿದರು. ಬಡವನ ಕೈಯಲ್ಲಿ ದೊಡ್ಡ ಬಾಟಲಿಗೆ ಒಮ್ಮೆಲೇ ಕೊಡಲು ಹಣವಿಲ್ಲ. ಪ್ರಯಾಣಿಕನ ಕೈಯಲ್ಲಿ ತಪಾಸಣೆಯ ಸಾಲಿನಲ್ಲಿ ವಾದಿಸಲು ಸಮಯವಿಲ್ಲ. ಇಬ್ಬರ ಅಸಹಾಯಕತೆಯಿಂದಲೂ ದುಡಿದುಕೊಳ್ಳುವವನು ಒಬ್ಬನೇ. ಇಬ್ಬರೂ ಬಿಸಾಡಿದ್ದನ್ನು ಹೊರಬೇಕಾದದ್ದು ಮಾತ್ರ ಆ ವ್ಯವಹಾರದಲ್ಲಿ ಭಾಗಿಯೇ ಅಲ್ಲದ ಮಣ್ಣು.

ಲೆಕ್ಕವನ್ನೂ ಮಾಡಿ ನೋಡೋಣ. ಒಂದು ಲೀಟರ್ ಶಾಂಪೂವನ್ನು ಒಂದು ಬಾಟಲಿಯಲ್ಲಿ ತುಂಬಿಸುವ ಬದಲು ಅದೇ ಆಕಾರದ ನೂರು ಮಿಲಿಲೀಟರಿನ ಹತ್ತು ಬಾಟಲಿಗಳಲ್ಲಿ ತುಂಬಿಸಿದರೆ, ಹತ್ತರ ಒಟ್ಟು ಮೇಲ್ಮೈ ಒಂದರ ಮೇಲ್ಮೈಗಿಂತ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಅಷ್ಟೇ ಶಾಂಪೂವಿಗೆ ಎರಡು ಪಟ್ಟು ಹೊದಿಕೆ, ಒಂದರ ಬದಲು ಹತ್ತು ಮುಚ್ಚಳ. ಅದನ್ನೇ ಐದು ಮಿಲಿಲೀಟರಿನ ಪೊಟ್ಟಣಗಳಲ್ಲಿ ತುಂಬಿಸಿದರೆ ಇನ್ನೂರು ಪೊಟ್ಟಣಗಳು. ಚಿಕ್ಕದು ಚೊಕ್ಕವೆಂಬ ಮಾತು ಎಲ್ಲ ಕಡೆಯೂ ಸಲ್ಲದೆಂಬುದನ್ನು ಪ್ರೌಢಶಾಲೆಯ ಗಣಿತವೇ ತೋರಿಸಿಕೊಡುತ್ತದೆ.

ಕಾನೂನು ಏನು ಮಾಡಿತು? 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಕಿವಿಯ ಕಡ್ಡಿ, ಬಲೂನಿನ ಕಡ್ಡಿ, ತಟ್ಟೆ, ಲೋಟ, ಚಮಚ, ಹೀರುಗೊಳವೆ ಮೊದಲಾದವು ಆ ಪಟ್ಟಿಯಲ್ಲಿದ್ದವು. ಶಾಂಪೂ ಸ್ಯಾಷೆ ಇರಲಿಲ್ಲ. ನೀರಿನ ಬಾಟಲಿ ಇರಲಿಲ್ಲ. ಕಿರುಬಾಟಲಿಯೂ ಇರಲಿಲ್ಲ. ಜಾತ್ರೆಯಲ್ಲಿ ಬಲೂನು ಮಾರುವವನ ಕಡ್ಡಿ ಸರ್ಕಾರದ ಕಣ್ಣಿಗೆ ಬಿತ್ತು. ಕಂಪೆನಿಗಳ ಪೊಟ್ಟಣ ಬೀಳಲಿಲ್ಲ. ಈ ಪೊಟ್ಟಣಗಳ ಹೊಣೆಯನ್ನು ‘ಉತ್ಪಾದಕರ ವಿಸ್ತೃತ ಹೊಣೆಗಾರಿಕೆ’ ಎಂಬ ಲೆಕ್ಕಪತ್ರದ ವ್ಯವಸ್ಥೆಗೆ ಬಿಡಲಾಗಿದೆ. ಹಳ್ಳದಲ್ಲಿ ತೇಲುವ ಪೊಟ್ಟಣವನ್ನು ಹೆಕ್ಕಲು ಆ ಲೆಕ್ಕಪತ್ರ ಇನ್ನೂ ನಮ್ಮೂರಿಗೆ ಬಂದಿಲ್ಲ.

ಕೇಳಿಬರುವ ಆಕ್ಷೇಪಗಳು

‘ವಿಮಾನ ಉಗುಳುವ ಹೊಗೆಯ ಮುಂದೆ ಒಂದು ಪುಟ್ಟ ಬಾಟಲಿ ಯಾವ ಲೆಕ್ಕ?’ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ದೂರದ ಹಾರಾಟದಲ್ಲಿ ಒಬ್ಬ ಪ್ರಯಾಣಿಕನ ಪಾಲಿಗೆ ಬರುವ ಇಂಗಾಲದ ಮುಂದೆ ಬಾಟಲಿಯ ಇಂಗಾಲ ಗಣನೆಗೇ ಬಾರದು. ರೈಲಿನಲ್ಲಿ ಹೋಗಬಹುದಾದ ಊರಿಗೆ ರೈಲಿನಲ್ಲೇ ಹೋಗುವುದು ಮೊದಲ ಧರ್ಮ. ಆ ಮಾತನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಆದರೆ ಹೊಗೆ ಮತ್ತು ಕಸ ಒಂದಕ್ಕೊಂದು ವಿನಾಯಿತಿ ಪತ್ರ ಬರೆದುಕೊಡಲಾರವು. ದೊಡ್ಡ ತಪ್ಪೊಂದು ನಡೆಯುತ್ತಿದೆ ಎಂಬ ಕಾರಣಕ್ಕೆ ಸಣ್ಣ ತಪ್ಪು ತಪ್ಪಲ್ಲವೆಂದಾಗದು. ಹೊಗೆಯನ್ನು ಕಡಿಮೆ ಮಾಡಲು ಎಂಜಿನು, ಇಂಧನ, ಸರ್ಕಾರದ ನೀತಿ ಎಲ್ಲವೂ ಬದಲಾಗಬೇಕು. ಕಿರುಬಾಟಲಿಯನ್ನು ಬಿಡಲು ನಾಳೆ ಬೆಳಿಗ್ಗೆ ಯಾರ ಅಪ್ಪಣೆಯೂ ಬೇಕಿಲ್ಲ.

‘ಹಾಗಾದರೆ ಭದ್ರತೆ ಬೇಡವೇ?’ ಎಂಬುದು ಎರಡನೆಯ ಆಕ್ಷೇಪ. ಬೇಕು. ಮೇಲೆ ಹೇಳಿದ ಸಾವುಗಳನ್ನು ಮರೆತು ಮಾತನಾಡುವುದು ಅಮಾನವೀಯ. ತಪಾಸಣೆಯ ಸಿಬ್ಬಂದಿಯೊಂದಿಗೆ ಜಗಳವಾಡುವುದೂ ತಪ್ಪು. ಅವರು ನಿಯಮವನ್ನು ಬರೆದವರಲ್ಲ. ಆದರೆ ನಿಯಮವೆಂಬುದು ಕಲ್ಲಿನ ಶಾಸನವೂ ಅಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಅಮೆರಿಕದ ಭದ್ರತಾ ಇಲಾಖೆ ಕೈ ತೊಳೆಯುವ ಸ್ಯಾನಿಟೈಸರನ್ನು ಸುಮಾರು 355 ಮಿಲಿಲೀಟರಿನಷ್ಟು ಒಯ್ಯಲು ಅನುಮತಿ ಕೊಟ್ಟಿತು. 2022ರ ನವೆಂಬರಿನಲ್ಲಿ ನಮ್ಮದೇ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ ಆ ಋತುವಿನ ಮಟ್ಟಿಗೆ ವಿನಾಯಿತಿ ನೀಡಿತು. 2024ರಲ್ಲಿ ಮತ್ತೆ ನೀಡಿತು. ಕೇಳುವವರಿದ್ದರೆ, ಕಾರಣವಿದ್ದರೆ, ಪರೀಕ್ಷಿಸುವ ದಾರಿಯಿದ್ದರೆ ನಿಯಮ ಬಾಗುತ್ತದೆ. ನೀರಿನ ನಲ್ಲಿಗಾಗಿ, ಕಸವಿಲ್ಲದ ಚೀಲಕ್ಕಾಗಿ ಕೇಳುವವರು ಮಾತ್ರ ಇನ್ನೂ ಹುಟ್ಟಬೇಕಾಗಿದೆ.

ಮನೆಯಿಂದಲೇ ಕಟ್ಟುವ ಚೀಲ

ಪರ್ಯಾಯವೇನು ಎಂದು ಕೇಳಿದರೆ ಅದು ನಮ್ಮ ಬಚ್ಚಲಮನೆಯಲ್ಲೇ ಇದೆ. ಗಟ್ಟಿ ಸಾಬೂನು ದ್ರವವಲ್ಲ. ಎಷ್ಟು ದೊಡ್ಡ ಬಿಲ್ಲೆಯಾದರೂ ನೂರು ಮಿಲಿಲೀಟರಿನ ಲೆಕ್ಕಕ್ಕೆ ಬಾರದು. ಒಂದು ಶತಮಾನಕ್ಕೂ ಹಿಂದೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನು ಈ ನಿಯಮಕ್ಕೆ ಎಂದೂ ಹೆದರಬೇಕಾಗಿಲ್ಲ. ಬಾಟಲಿಯಲ್ಲಿ ಬರುವ ‘ಬಾಡಿ ವಾಶ್’ ಮಾತ್ರ ಹೆದರಬೇಕು. ಪೇಸ್ಟಿನ ಬದಲು ಹಲ್ಲುಪುಡಿ, ಶಾಂಪೂವಿನ ಬದಲು ಸೀಗೆಕಾಯಿ ಅಥವಾ ಅಂಟುವಾಳದ ಪುಡಿ ಒಯ್ಯಬಹುದು. ಪುಡಿಗಳ ಬಗ್ಗೆ ಒಂದು ಎಚ್ಚರ: 2018ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳ ಕೈಚೀಲದಲ್ಲಿ 350 ಮಿಲಿಲೀಟರಿಗೆ ಮೀರಿದ ಪುಡಿಯನ್ನು ವಿಶೇಷವಾಗಿ ಪರೀಕ್ಷಿಸುತ್ತಾರೆ, ಬೇಡವೆನ್ನಲೂಬಹುದು. ಒಂದೆರಡು ಹಿಡಿ ಪುಡಿಯನ್ನು ಹೆಸರು ಬರೆದ ಚಿಕ್ಕ ಡಬ್ಬಿಯಲ್ಲಿ ಒಯ್ದರೆ ತೊಂದರೆಯಿಲ್ಲ. ಎಣ್ಣೆ, ಲೇಪ ಮೊದಲಾದ ದ್ರವಗಳಿಗೆ ಮನೆಯಲ್ಲಿರುವ ಹಳೆಯ ಚಿಕ್ಕ ಬಾಟಲಿಗಳೇ ಸಾಕು. ಎಲ್ಲವನ್ನೂ ಒಂದೇ ಪಾರದರ್ಶಕ ಚೀಲದಲ್ಲಿಟ್ಟು, ಆ ಚೀಲವನ್ನು ಹತ್ತು ವರ್ಷ ಬಳಸಿ.

ಜೇನು, ತುಪ್ಪ, ಉಪ್ಪಿನಕಾಯಿಗಳನ್ನು ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಇಡಬೇಕು. ಅವು ಸೋರಿ ಬಟ್ಟೆ ಹಾಳಾಗುವುದೇ ಎಲ್ಲರ ದೂರು. ಕಾರಣವನ್ನು ಅರಿತರೆ ಉಪಾಯವೂ ಹೊಳೆಯುತ್ತದೆ. ಹಾರುವ ವಿಮಾನದೊಳಗಿನ ಗಾಳಿ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿರುವಷ್ಟು ತೆಳುವಾಗಿರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ತುಸು ಮೇಲೋ ನಿಂತಂತೆ. ಕೆಳಗೆ ಬಿಗಿಯಾಗಿ ಮುಚ್ಚಿದ ಬಾಟಲಿಯೊಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಹೋದಾಗ ಹಿಗ್ಗಿ ದ್ರವವನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಮೆತ್ತನೆಯ ಬಾಟಲಿಯಾದರೆ ಹಿಂಡಿ ಗಾಳಿ ತೆಗೆದು ಮುಚ್ಚಬೇಕು. ಗಟ್ಟಿ ಡಬ್ಬಿಯಾದರೆ ಭದ್ರವಾದ ತಿರುಪು ಮುಚ್ಚಳವಿರಬೇಕು, ನೆಟ್ಟಗೆ ನಿಲ್ಲುವಂತೆ ಹಳೆಯ ಪಂಚೆಯಲ್ಲಿ ಸುತ್ತಿಡಬೇಕು. ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವಿಮಾನದಲ್ಲಿ ಅದಕ್ಕೆ ಅವಕಾಶವಿಲ್ಲ. ಹೋಗುವ ದೇಶ ಯಾವ ಆಹಾರವನ್ನು ಒಳಗೆ ಬಿಡುತ್ತದೆ ಎಂಬುದನ್ನೂ ಮೊದಲೇ ವಿಚಾರಿಸುವುದು ಒಳ್ಳೆಯದು. ಇಷ್ಟನ್ನು ಕಲಿತರೆ ನಿಲ್ದಾಣದ ತೊಟ್ಟಿಗೆ ನಾವು ಕೊಡಬೇಕಾದ ಕಪ್ಪ ಕಾಣಿಕೆ ಏನೂ ಉಳಿಯುವುದಿಲ್ಲ.

ನಮ್ಮ ಅಂಗಳದಿಂದಲೇ ಆರಂಭ

ಕಿರುಬಾಟಲಿಯ ಸಂಸ್ಕೃತಿ ವಿಮಾನದಿಂದ ಇಳಿದು ಹೋಟೆಲಿಗೆ, ಹೋಟೆಲಿನಿಂದ ನಮ್ಮ ಹೋಂಸ್ಟೇಗಳಿಗೆ ಬಂದಿದೆ. ಮಲೆನಾಡು, ಕೊಡಗುಗಳ ಎಷ್ಟೋ ಹೋಂಸ್ಟೇಗಳಲ್ಲಿ ಅತಿಥಿಗಳ ಬಚ್ಚಲಿನಲ್ಲಿ ಶಾಂಪೂ ಸ್ಯಾಷೆ, ಪುಟ್ಟ ಸಾಬೂನು, ಹೊರಗೆ ನೀರಿನ ಬಾಟಲಿಗಳ ಸಾಲು. ಅತಿಥಿ ಎರಡು ದಿನದಲ್ಲಿ ಬೆಂಗಳೂರಿಗೆ ಮರಳುತ್ತಾನೆ. ಅವನ ಕಸಕ್ಕೆ ಮರಳುವ ಟಿಕೆಟ್ಟಿಲ್ಲ. ಕಸ ವಿಂಗಡಿಸುವ, ಸಾಗಿಸುವ ಸೌಕರ್ಯ ಗಟ್ಟಿಯಿಲ್ಲದ ಗ್ರಾಮ ಪಂಚಾಯಿತಿಯ ಪಾಲಿಗೆ ಅದು ಹೊಳೆಬದಿಯ ಗುಂಡಿಯಲ್ಲಿ ಉರಿಯುವ ಕಪ್ಪು ಹೊಗೆಯಾಗುತ್ತದೆ.

ಇದನ್ನು ತಡೆಯುವುದು ಅಸಾಧ್ಯವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2023ರ ಜನವರಿಯಿಂದ ದೊಡ್ಡ ಹೋಟೆಲುಗಳಲ್ಲಿ, 2024ರ ಜನವರಿಯಿಂದ ಎಲ್ಲ ಹೋಟೆಲುಗಳಲ್ಲಿ ಇಂಥ ಪುಟ್ಟ ಪ್ಲಾಸ್ಟಿಕ್ ಬಾಟಲಿಗಳನ್ನು ಕೊಡುವುದನ್ನು ನಿಷೇಧಿಸಿದೆ. ನ್ಯೂಯಾರ್ಕ್ ರಾಜ್ಯದಲ್ಲಿ 2025ರ ಜನವರಿಯಿಂದ ದೊಡ್ಡ ಹೋಟೆಲುಗಳಿಗೆ ಅದೇ ಕಟ್ಟಳೆ ಬಂದಿದೆ. ಐರೋಪ್ಯ ಒಕ್ಕೂಟ 2030ರಿಂದ ಜಾರಿಗೊಳಿಸುವುದೆಂದು ಕಾನೂನು ಮಾಡಿದೆ. ಗೋಡೆಗೆ ಒಂದು ದೊಡ್ಡ ಬಾಟಲಿಯನ್ನು ಕೂರಿಸಿ, ಮುಗಿದಾಗ ಮತ್ತೆ ತುಂಬಿಸಿದರೆ ಕೆಲಸ ಮುಗಿಯಿತು. ಅತಿಥಿ ಸತ್ಕಾರದಲ್ಲಿ ಯಾರಿಗೂ ಸಾಲದ ನಾಡು ನಮ್ಮದು. ಬಿಂದಿಗೆಯ ನೀರು, ಬೆಲ್ಲ ಕೊಟ್ಟು ಆಸರು ಕಳೆಯುವವರಿಗೆ ಮೊಹರು ಹಾಕಿದ ಬಾಟಲಿಯ ಹಂಗೇಕೆ?

ಹಾಗಾಗಿ ಕೆಲವು ಒತ್ತಾಯಗಳನ್ನು ಮುಂದಿಡಬೇಕಾಗಿದೆ. ಶಿವಮೊಗ್ಗ, ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ವಿಮಾನ ನಿಲ್ದಾಣಗಳಲ್ಲಿ ತಪಾಸಣೆ ಮುಗಿದ ಕೂಡಲೇ ಎದುರಿಗೆ ಕಾಣುವ ಜಾಗದಲ್ಲಿ, ಕನ್ನಡದಲ್ಲಿ ಬರೆದ ದೊಡ್ಡ ಫಲಕದೊಂದಿಗೆ, ಶುದ್ಧ ನೀರಿನ ನಲ್ಲಿಗಳಿರಬೇಕು. ‘ಖಾಲಿ ಬಾಟಲಿಯನ್ನು ಒಳಗೆ ಒಯ್ಯಬಹುದು, ಹಳೆಯ ಚಿಕ್ಕ ಬಾಟಲಿಗಳನ್ನೇ ಮತ್ತೆ ತುಂಬಿಸಬಹುದು’ ಎಂಬ ಎರಡು ಸಾಲುಗಳು ಪ್ರತಿ ಟಿಕೆಟ್ಟಿನ ಜೊತೆಗೂ ಬರಬೇಕು. ತಪಾಸಣೆಯಲ್ಲಿ ಹಿಡಿದಿಟ್ಟ ಮೊಹರು ಒಡೆಯದ ವಸ್ತುಗಳು ಎಲ್ಲಿಗೆ ಹೋಗುತ್ತವೆ, ಎಷ್ಟು ಹೋಗುತ್ತವೆ ಎಂಬ ಲೆಕ್ಕವನ್ನು ನಿಲ್ದಾಣಗಳು ಸಾರ್ವಜನಿಕರ ಮುಂದಿಡಬೇಕು. ಕೇಂದ್ರ ಸರ್ಕಾರದ ನಿಷೇಧದ ಪಟ್ಟಿಗೆ ಸ್ಯಾಷೆಯೂ ಹೋಟೆಲಿನ ಕಿರುಬಾಟಲಿಯೂ ಸೇರಬೇಕು. ಅದಕ್ಕೂ ಮೊದಲು, ಹೋಂಸ್ಟೇಗಳಿರುವ ಪ್ರತಿ ಪಂಚಾಯಿತಿಯ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದು ನಿರ್ಣಯವಾಗಬೇಕು. ಶಾಲಾ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರಿನ ಒಂದು ಹಳ್ಳದ ನೂರು ಮಾರು ಉದ್ದದಲ್ಲಿ ಸಿಗುವ ಪೊಟ್ಟಣಗಳನ್ನು ಎಣಿಸಿ, ಯಾವ ಕಂಪೆನಿಯದು ಎಷ್ಟೆಂದು ಪಟ್ಟಿ ಮಾಡಿ, ಆ ಪಟ್ಟಿಯನ್ನು ಸಭೆಯಲ್ಲಿ ಓದಬೇಕು. ಅಂಕಿಗಳು ನಮ್ಮವೇ ಆದಾಗ ಮಾತಿಗೆ ಬಲ ಬರುತ್ತದೆ.

ಭದ್ರತೆಯ ನಿಯಮವನ್ನು ನಾವು ಬರೆದಿಲ್ಲ, ಅದನ್ನು ಅಳಿಸುವ ಅಧಿಕಾರವೂ ನಮಗಿಲ್ಲ. ಆದರೆ ಆ ನಿಯಮದ ಹೆಸರಿನಲ್ಲಿ ಏನನ್ನು ಕೊಳ್ಳಬೇಕು, ಏನನ್ನು ಕೊಳ್ಳಬಾರದು ಎಂಬ ಅಧಿಕಾರವನ್ನು ನಮ್ಮಿಂದ ಯಾರೂ ಕಿತ್ತುಕೊಂಡಿಲ್ಲ, ನಾವಾಗಿಯೇ ಬಿಟ್ಟುಕೊಟ್ಟಿದ್ದೇವೆ. ಯಂತ್ರಗಳು ಬದಲಾಗುತ್ತಿವೆ. ಇಂದಲ್ಲ ನಾಳೆ ನೂರು ಮಿಲಿಲೀಟರಿನ ಮಿತಿ ಎಲ್ಲೆಡೆ ಹೋಗುತ್ತದೆ. ಅದು ಹೋದ ಮೇಲೂ ನಾವು ಚಿಕ್ಕದನ್ನು ಕೊಂಡು ಬಿಸಾಡುತ್ತಲೇ ಇದ್ದರೆ, ಆಗ ಹೇಳಿಕೊಳ್ಳಲು ನಮಗೆ ನೆಪವೂ ಉಳಿದಿರುವುದಿಲ್ಲ.